ಕಾದವನಿಗೇ ಬಿಯರು

ಇಂಗ್ಲೆಂಡಿಗೆ ಹೋದ ನಮ್ಮ ಚಳ್ಳಕೆರೆ ಹುಡುಗರು ಡಬ್ಬಿ ಮಾಲ್ಟ್ ಪಾಕಕ್ಕೆ ನೀರು, ಸಕ್ಕರೆ, ಯೀಸ್ಟ್ ಬೆರೆಸಿ ಮನೆಯಲ್ಲೇ ಬಿಯರ್ ಮಾಡ್ತಾರಂತೆ. ಬೆರೆಸೋಕೆ ಅರ್ಧ ಗಂಟೆ, ಕಾಯೋಕೆ ತಿಂಗಳು! ಬಾಟಲಿಗೆ ತುಂಬಿದ ಮೇಲೂ ಮುಟ್ಟುವಂತಿಲ್ಲ. ಆತುರಪಟ್ಟರೆ ಹಸಿ ಸೇಬಿನ ವಾಸನೆ. ಸುಮ್ಮನಿದ್ದರೆ ಯೀಸ್ಟೇ ಅದನ್ನು ತಿಂದು ಹದ ಮಾಡುತ್ತದೆ.

ಮೊಳಕಾಲ್ಮುರು ಕಡೆಯ ಈಚಲು ಸೇಂದಿಗೆ ಈ ನಾಜೂಕು ಎಲ್ಲಿತ್ತು? ಬೆಳಿಗ್ಗೆ ಇಳಿಸಿದ್ದು ಸಂಜೆಗೆ ನೊರೆ, ಮರುದಿನ ಹುಳಿ. ಕುಡಿ, ಇಲ್ಲವೇ ಚೆಲ್ಲು!

ಊರಲ್ಲೇ ಬಿಯರ್ ಮಾಡೋಣವೆಂದರೆ ಯೀಸ್ಟಿಗೆ 20 ಡಿಗ್ರಿಯ ತಂಪು ಬೇಕು. ನಮ್ಮ ಏಪ್ರಿಲ್ ಬಿಸಿಲು 40ರ ಆಸುಪಾಸು. ತಂಪು ಹೇಗೋ ಹೊಂದಿಸಿದರೂ 1965ರ ಅಬಕಾರಿ ಕಾಯ್ದೆ ಬಾಗಿಲಲ್ಲೇ ಕೂತಿದೆ. ಹಾಗಾಗಿ ನಮಗೆ ಮಾಗಿಸಲು ಉಳಿದಿರುವುದು ಮಾವಿನ ಉಪ್ಪಿನಕಾಯಿ. ಅದಕ್ಕೆ ಪರವಾನಗಿ ಬೇಡ, ತಾಳ್ಮೆ ಇದ್ದರೆ ಸಾಕು.