ಟವಲು ಕಟ್ಟಿಕೊಂಡ ಮಿಂಚು

ಸೂಪರ್‌ಹೀರೋ ಸಿನಿಮಾಗಳ ಮೇಲೆ ನನ್ನ ತಕರಾರು ಹಾರಾಟದ ಬಗ್ಗೆ ಅಲ್ಲ. ಹಾರಲಿ ಪಾಪ, ಆಂಜನೇಯನನ್ನು ಒಪ್ಪಿಕೊಂಡವರು ನಾವು. ತಕರಾರು ಇರುವುದು ಮುಖವಾಡದ ಬಗ್ಗೆ. ಕಣ್ಣಿನ ಸುತ್ತ ನಾಲ್ಕು ಬೆರಳಗಲ ಬಟ್ಟೆ ಕಟ್ಟಿಕೊಂಡರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲವೆಂದರೆ ಹೇಗೆ ನಂಬುವುದು? ನ್ಯೂಯಾರ್ಕಿನಲ್ಲಿ ನಡೆಯುತ್ತದೇನೋ. ನಮ್ಮ ಉತ್ತಮಪಾಳಯದಲ್ಲಿ ಒಬ್ಬ ಮುಖ ಮುಚ್ಚಿಕೊಂಡು ಮಾಳಿಗೆಯಿಂದ ಮಾಳಿಗೆಗೆ ನೆಗೆದ ಅನ್ನಿ, ಟೀ ಅಂಗಡಿಯ ಬೆಂಚಿನಲ್ಲಿ ಕೂತವರು ಗ್ಲಾಸು ಕೆಳಗಿಡದೆ ಹೇಳುತ್ತಾರೆ: "ಚಿನ್ನಮನೂರಿನ ಕಡೆಯವನು. ಆ ಎಡಗಾಲು ನೋಡು, ಅವರ ತಾತಂದೇ." ಅವನು ಲೋಕ ಕಾಪಾಡಿ ಮನೆಗೆ ಬರುವಷ್ಟರಲ್ಲಿ ಹೆಂಡತಿಗೆ ದೂರು ತಲುಪಿರುತ್ತದೆ.

ಕಂಬಂ ಕಣಿವೆಯ ನಾವು ಮನೆಯೊಳಗೆ ಕನ್ನಡ ಆಡುವ, ಹೊಸ್ತಿಲು ದಾಟಿದರೆ ತಮಿಳಾಗುವ ಒಕ್ಕಲಿಗರು. ಕಪ್ಪಿಲಿಯರು ಎಂದೂ ಕರೆಯುತ್ತಾರೆ. ನನ್ನ ಸಿನಿಮಾ ವಿಮರ್ಶೆಯ ಗುರು ನಮ್ಮತ್ತೆ. ಅವರ ಜತೆ ಕೂತು ನೋಡದ ಸಿನಿಮಾ ನನಗೆ ಅರ್ಧ ನೋಡಿದಂತೆ. 'ಮಿನ್ನಲ್ ಮುರಳಿ'ಯನ್ನೂ ಹಾಗೇ ನೋಡಿದೆವು. 2021ರ ಕ್ರಿಸ್‌ಮಸ್ ಹೊತ್ತಿಗೆ ನೆಟ್‌ಫ್ಲಿಕ್ಸಿಗೆ ಬಂದ ಬೇಸಿಲ್ ಜೋಸೆಫ್ ಅವರ ಮಲಯಾಳಂ ಚಿತ್ರ. ಕನ್ನಡದಲ್ಲಿ 'ಮಿಂಚು ಮುರಳಿ' ಎಂದೇ ಇತ್ತು. ಮಾತೃಭಾಷೆಯ ಅಭಿಮಾನದಿಂದ ಅದನ್ನೇ ಹಾಕಿದೆ. ಅತ್ತೆ ಹತ್ತು ನಿಮಿಷ ಸಹಿಸಿಕೊಂಡರು. "ಏನಪ್ಪಾ ಇದು, ಎಲ್ಲಾರೂ ಪುರೋಹಿತರ ಹಂಗೆ ಮಾತಾಡ್ತಾರೆ? ತಮಿಳು ಹಾಕು." ಹಾಕಿದೆ.

ಕುರುಕ್ಕನ್‌ಮೂಲ ಎಂಬ ಕಾಲ್ಪನಿಕ ಊರಿನಲ್ಲಿ ಅಮೆರಿಕಕ್ಕೆ ಹೋಗುವ ಕನಸಿನ ಟೈಲರ್ ಜೈಸನ್‌ಗೂ ಟೀ ಅಂಗಡಿಯಲ್ಲಿ ದುಡಿಯುವ ಶಿಬುಗೂ ಒಂದೇ ರಾತ್ರಿ ಸಿಡಿಲು ಬಡಿದು ಶಕ್ತಿ ಬರುತ್ತದೆ. ಜೈಸನ್ ಟೊವಿನೋ ಥಾಮಸ್. ಶಿಬು ತಮಿಳಿನ ಗುರು ಸೋಮಸುಂದರಂ. ಮೊದಮೊದಲು ನಾಯಕನ ಮುಖವಾಡವೆಂದರೆ ಮುಖಕ್ಕೆ ಸುತ್ತಿದ ಬಟ್ಟೆಯಷ್ಟೇ. ಅದು ನನಗೆ ಹಿಡಿಸಿತು. ಟವಲಿಗೆ ನಮ್ಮ ಕಡೆ ಸಾವಿರ ಉಪಯೋಗ, ಇದು ಸಾವಿರದೊಂದನೆಯದು. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಚಿತ್ರ ನಿಂತಿರುವುದು ಖಳನ ಮೇಲೆ. ಇಪ್ಪತ್ತೆಂಟು ವರ್ಷ ಉಷಾ ಎಂಬ ಒಬ್ಬಳನ್ನೇ ಮನಸ್ಸಿನಲ್ಲಿಟ್ಟುಕೊಂಡು, ಊರವರಿಂದ ಹುಚ್ಚನೆನಿಸಿಕೊಂಡವನು ಶಿಬು. ಅವನಿಗೆ ಲೋಕ ಆಳಬೇಕಾಗಿಲ್ಲ, ಉಷಾಳ ಮಗಳ ಆಪರೇಷನ್ನಿಗೆ ದುಡ್ಡು ಬೇಕು. ಅವನು ನಕ್ಕು ಅತ್ತ ದೃಶ್ಯದಲ್ಲಿ ಅತ್ತೆಯ ಬಾಯಲ್ಲಿದ್ದ ಪನ್ನೀರ್ ದ್ರಾಕ್ಷಿ ಅಲ್ಲೇ ನಿಂತಿತು. ನಮ್ಮ ದ್ರಾಕ್ಷಿಯಲ್ಲಿ ಬೀಜ ಇರುತ್ತದೆ. ಅತ್ತೆ ಒಂದೊಂದೇ ಬೀಜವನ್ನು ಸ್ಟೀಲ್ ಬಟ್ಟಲಿಗೆ ಟಣ್ ಎಂದು ಉಗುಳುತ್ತ ಸಿನಿಮಾ ನೋಡುವವರು. ಬಟ್ಟಲು ಸುಮ್ಮನಾದರೆ ಸೀನು ಗೆದ್ದಿತು ಎಂದರ್ಥ. ಕೊನೆಯ ಹೊಡೆದಾಟದ ಉದ್ದಕ್ಕೂ ಟಣ್ ಟಣ್ ನಡೆದೇ ಇತ್ತು.

ಸೂಪರ್‌ಹೀರೋ ವಿಷಯದಲ್ಲಿ ಕಣಿವೆಯವರನ್ನು ಮೆಚ್ಚಿಸುವುದು ಕಷ್ಟ, ನಮಗೆ ಈಗಾಗಲೇ ಒಬ್ಬರಿದ್ದಾರೆ. ಪೊದೆಮೀಸೆಯ ಇಂಗ್ಲಿಷ್ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್. ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತಿದ್ದ ಪೆರಿಯಾರ್ ನೀರನ್ನು 1895ರಲ್ಲಿ ಅಣೆಕಟ್ಟು ಕಟ್ಟಿ, ಬೆಟ್ಟ ಕೊರೆದು ಈ ಕಡೆ ತಿರುಗಿಸಿದರು. ಸರ್ಕಾರದ ದುಡ್ಡು ನಿಂತಾಗ ಇಂಗ್ಲೆಂಡಿನ ಆಸ್ತಿ ಮಾರಿ ಕೆಲಸ ಮುಗಿಸಿದರೆಂದು ಇಲ್ಲಿ ಎಲ್ಲರೂ ನಂಬುತ್ತಾರೆ. ದೇವರ ಪಟಗಳ ಸಾಲಿನಲ್ಲಿ ಅವರ ಫೋಟೋ ಇದೆ. ಅವರು ಹುಟ್ಟಿದ ಜನವರಿ 15ರಂದು ಪಾಲಾರ್‌ಪಟ್ಟಿಯಲ್ಲಿ ಅವರ ಹೆಸರಲ್ಲೇ ಪೊಂಗಲ್ ಉಕ್ಕುತ್ತದೆ. ಮುಖವಾಡ ಹಾಕದೆ ಮಾಡಿದ ಕೆಲಸ, ಎನ್ನುತ್ತಾರೆ ಅತ್ತೆ. ಅದೇ ಪೆರಿಯಾರ್ ದಂಡೆಯ ಕಾಲಡಿಯಲ್ಲಿ 'ಮಿನ್ನಲ್ ಮುರಳಿ'ಗೆಂದು ಹಾಕಿದ್ದ ಚರ್ಚಿನ ಸೆಟ್ಟನ್ನು 2020ರ ಮೇ ತಿಂಗಳಲ್ಲಿ ಒಂದು ಗುಂಪು ಒಡೆದು ಹಾಕಿತು. ಆ ಹೊತ್ತಿಗೆ ಮುರಳಿ ಎಲ್ಲಿದ್ದನೋ.

ಕೊಲೆಯ ಕಥೆ ಎಂದರೆ ಅತ್ತೆಗೆ ಇನ್ನೂ ಪ್ರಾಣ. ತಪ್ಪು ಅವರದಲ್ಲ, ಊರಿನದು. ತೇನಿ ಪಕ್ಕದ ಅಲ್ಲಿನಗರದ ಭಾರತಿರಾಜ ನಮ್ಮ ಪುಟ್ಟಣ್ಣ ಕಣಗಾಲರ ಕೈಕೆಳಗೆ ಪಳಗಿ, ಹಳ್ಳಿಯ ಪ್ರೇಮಕಥೆಗಳಿಂದ ಹೆಸರು ಮಾಡಿದವರು. 1978ರಲ್ಲಿ ಇದ್ದಕ್ಕಿದ್ದಂತೆ 'ಸಿಗಪ್ಪು ರೋಜಾಕ್ಕಳ್' ತೆಗೆದು ಕಮಲಹಾಸನ್‌ರನ್ನು ಹೆಂಗಸರ ಕೊಲೆಗಾರ ಮಾಡಿಬಿಟ್ಟರು. ಅದಕ್ಕೆ ಸಂಗೀತ ಇಲ್ಲೇ ಪಣ್ಣೈಪುರದ ಇಳಯರಾಜ. ಅಂದಿನಿಂದ ಅತ್ತೆ ಗುಲಾಬಿ ಗಿಡ ನೆಡಲಿಲ್ಲ, ಮಲ್ಲಿಗೆ ಸಾಕಂತೆ.

2022ರಲ್ಲಿ 'ಸುಳಲ್' ಬಂತು, ಎಂದರೆ ಸುಳಿ. ಪುಷ್ಕರ್-ಗಾಯತ್ರಿ ಬರೆದ ವೆಬ್ ಸರಣಿ. ಸಿಮೆಂಟ್ ಕಾರ್ಖಾನೆಗೆ ಬೆಂಕಿ ಬಿದ್ದ ರಾತ್ರಿಯೇ ಯೂನಿಯನ್ ಲೀಡರ್ ಷಣ್ಮುಗಂನ ಕಿರಿಮಗಳು ನಿಲಾ ಕಾಣೆಯಾಗುತ್ತಾಳೆ. ಹೊರಗೆ ಅಂಗಾಳಮ್ಮನ ಮಯಾನ ಕೊಳ್ಳೈ ಹಬ್ಬ, ಬಣ್ಣ ಬಳಿದ ಮುಖಗಳು ಸ್ಮಶಾನದತ್ತ ಕುಣಿಯುತ್ತ ಹೋಗುತ್ತವೆ. ಸಬ್ ಇನ್‌ಸ್ಪೆಕ್ಟರ್ ಸಕ್ಕರೈ ಸಾಕ್ಷಿ ಹುಡುಕುತ್ತಾನೆ, ಅತ್ತೆ ಸಂಬಂಧ ಹುಡುಕುತ್ತಾರೆ. ಯಾರು ಯಾರಿಗೆ ಏನಾಗಬೇಕು, ಯಾರ ಮನೆಗೆ ಯಾರು ಬಾಗಿಲು ತಟ್ಟದೆ ಬರುತ್ತಾರೆ. ಅವರ ಅನುಮಾನದ ಸಾಲಿನಲ್ಲಿ ಮೊದಲು ಕಾರ್ಖಾನೆ ಮಾಲೀಕ, ಆಮೇಲೆ ಅಪ್ಪ, ನಡುವೆ ಒಂದು ಎಪಿಸೋಡು ಪೂರ್ತಿ ಇನ್‌ಸ್ಪೆಕ್ಟರಮ್ಮ. ನಾಲ್ಕನೆಯದಕ್ಕೆ ಬಟ್ಟಲು ಸುಮ್ಮನಾಯಿತು. ಯಾರ ಮೇಲೆ ಕಣ್ಣು ಬಿತ್ತೆಂದು ಕೇಳಿದೆ. ಹೇಳಲಿಲ್ಲ. "ಬಣ್ಣ ಬಳಿದೋರನ್ನ ಯಾಕೆ ನೋಡ್ತೀಯ," ಎಂದಷ್ಟೇ ಅಂದರು.

ನೋಡದವರಿಗಾಗಿ ನಾನೂ ಹೆಸರು ಹೇಳುವುದಿಲ್ಲ. ಆದರೆ ನನಗೆ ಅಲ್ಲಿ ಒಂದು ಹೊಳೆಯಿತು. ನಮ್ಮಂಥ ಊರಿನಲ್ಲಿ ಒಳ್ಳೆಯದು ಮಾಡಲು ಹೊರಟವನಿಗೆ ಟವಲು ಬೇಕಾಗುತ್ತದೆ. ಕೆಟ್ಟದ್ದು ಮಾಡುವವನಿಗೆ ನೆಂಟಸ್ತಿಕೆಯೇ ಸಾಕು. ನಡಿಗೆ ನೋಡಿ ತಾತನನ್ನು ಹೇಳುವ ಊರು, ಒಂದು ಹುಡುಗಿ ಊಟಕ್ಕೆ ಕೂತಾಗ ಯಾರು ಬಂದರೆ ಎದ್ದು ಹೋಗುತ್ತಾಳೆ ಎಂಬುದನ್ನು ಗಮನಿಸುವುದಿಲ್ಲ. 'ಸುಳಲ್' ಇದನ್ನು ಗಟ್ಟಿಯಾಗಿ ಹೇಳಿತು, ಸ್ವಲ್ಪ ಜಾಸ್ತಿಯೇ ಗಟ್ಟಿಯಾಗಿ. ಎಂಟು ಎಪಿಸೋಡಿನಲ್ಲಿ ಎರಡನ್ನು ಕತ್ತರಿಸಿದ್ದರೆ ನಷ್ಟವಿರಲಿಲ್ಲ. ಆದರೂ ಮಿಂಚಿಗಿಂತ ಸುಳಿಯೇ ನನ್ನನ್ನು ಹೆಚ್ಚು ದಿನ ಕಾಡಿತು.

2025ರಲ್ಲಿ ಎರಡನೇ ಭಾಗ ಬಂತು. ಅದರಲ್ಲಿ ಒಬ್ಬ ವಕೀಲನ ಕೊಲೆ. ಎಂಟು ಹುಡುಗಿಯರು ಒಬ್ಬೊಬ್ಬಳಾಗಿ ನಾನೇ ಕೊಂದೆ ಎನ್ನುತ್ತಾರೆ. ಎಂಥ ಕಲ್ಪನೆ ಎಂದು ನಾನು ಬೆರಗಾಗಿ ಕೂತಿದ್ದೆ. ಅತ್ತೆಯ ಬಾವಿಯ ಪಾಲಿನ ಕೇಸು ಮಾವ ಇದ್ದ ಕಾಲದಿಂದಲೂ ನಡೆಯುತ್ತಿದೆ.

"ಎಂಟು ಮಂದಿಗೂ ಫೀಸು ಯಾರು ಕೊಡ್ತಾರಪ್ಪಾ?" ಎಂದರು. "ಇದ್ದ ಒಬ್ಬ ವಕೀಲನ್ನೂ ಕೊಂದುಬಿಟ್ಟರಲ್ಲ."