ಒಳಗಿನ ಉಡದಾರ

1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಆಗ ನನ್ನ ಹೊಟ್ಟೆ ಬೆನ್ನಿಗಂಟಿಕೊಂಡೇ ಇತ್ತು. ಮುಂದೆ ಗಂಗಾವತಿಯ ಒಗ್ಗರಣಿ-ಮಿರ್ಚಿ ಹೋರಾಟ ನಡೆಸಿ ಅದನ್ನೂ ಸ್ವತಂತ್ರ ಜಿಲ್ಲೆ ಮಾಡಿಬಿಟ್ಟವು. ಈಗ ಹೊಟ್ಟೆಗೆ ಅದರದೇ ಗಡಿ, ಅದರದೇ ಆಡಳಿತ. ಬೆನ್ನು ಪಾಪ, ದಿನಾ ತಕರಾರು ಅರ್ಜಿ ಹಾಕುತ್ತದೆ.

ಅರ್ಜಿ ಹಿಡಿದು ಫಿಸಿಯೋಥೆರಪಿ ಹುಡುಗನ ಹತ್ತಿರ ಹೋದೆ. "ಸರ, ನಿಮ್ಮ ಕೋರ್ ವೀಕ್ ಐತ್ರಿ" ಅಂದ. "ಇಷ್ಟು ದೊಡ್ಡದೈತಿ, ವೀಕ್ ಹೆಂಗಪಾ?" ಅಂದೆ. ಕೋರ್ ಅಂದರೆ ನಡುವನ್ನು ಹಿಡಿದಿಡುವ ಸ್ನಾಯುಗಳು ಎಂದು ಬಿಡಿಸಿ ಹೇಳಿದ. ಸಿನಿಮಾ ಹೀರೋಗಳು ಅಂಗಿ ಬಿಚ್ಚಿ ತೋರಿಸುವ ಸಿಕ್ಸ್ ಪ್ಯಾಕ್ ಮೇಲ್ಪದರದ ಸ್ನಾಯುವಂತೆ. ಎಲ್ಲಕ್ಕಿಂತ ಒಳಗೆ, ಬೆನ್ನಿನಿಂದ ಹೊರಟು ಹೊಟ್ಟೆಯನ್ನು ಅಡ್ಡಡ್ಡ ಸುತ್ತಿಕೊಂಡ ಇನ್ನೊಂದಿದೆ: ಟ್ರಾನ್ಸ್‌ವರ್ಸಸ್ ಅಬ್ಡೊಮಿನಿಸ್. ಆ ಹೆಸರು ಹೇಳುವಷ್ಟರಲ್ಲೇ ನನಗೆ ಅರ್ಧ ವ್ಯಾಯಾಮವಾಯಿತು. ಒಳಗಿನ ಉಡದಾರ ಎಂದು ಮರುನಾಮಕರಣ ಮಾಡಿದೆ. ಹೊರಗಿನ ಉಡದಾರ ಸಡಿಲಾದರೆ ಲಂಗೋಟಿಯ ಮಾನ ಹೋಗುತ್ತದೆ. ಒಳಗಿನದು ಸಡಿಲಾದರೆ ಬೆನ್ನಿನದು.

1996ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಇದರ ಗುಟ್ಟು ಹಿಡಿದರು. ನಾವು ಕೈ ಎತ್ತುವ ಮೊದಲೇ ಈ ಉಡದಾರ ಬಿಗಿದುಕೊಳ್ಳುತ್ತದೆ. ಬೆನ್ನುನೋವಿನವರಲ್ಲಿ ಮಾತ್ರ ಅದು ಅಕ್ಕಿಕಾಳು ಬಿದ್ದ ಮೇಲೆ ಮದುವೆಗೆ ಬರುವ ಬೀಗರ ಹಾಗೆ, ತಡ.

ಯಲಬುರ್ಗಾ ಕಡೆಯ ಸೋದರತ್ತೆಗೆ ಇದನ್ನೆಲ್ಲ ವರದಿ ಒಪ್ಪಿಸಿದೆ. ಸಜ್ಜಿ ರೊಟ್ಟಿ ತಟ್ಟುತ್ತ ಕೂತಿದ್ದಳು. "ಟೊಂಕ ಕಟ್ಟಿ ನಿಂದ್ರೋ ಅಂತ ನಿಮ್ಮಜ್ಜ ಬಡ್ಕೊಂತಿದ್ದ. ಆಗ ಪುಗಸಟ್ಟೆ ಹೇಳಿದ್ರ ಕೇಳ್ಲಿಲ್ಲ, ಈಗ ರೊಕ್ಕ ಕೊಟ್ಟು ಕೇಳಿ ಬಂದಿ!" ಎಂದಳು. ಕೈ ಪಟಪಟ ಆಡುತ್ತಿತ್ತು, ಎಂಬತ್ತರ ಬೆನ್ನು ಗೂಟದಂತೆ ನೆಟ್ಟಗಿತ್ತು. ಗಂಗಾವತಿ ರೈಸ್ ಮಿಲ್ಲಿನ ಹಮಾಲರೂ ಚೀಲ ಹೆಗಲಿಗೇರಿಸುವ ಮುಂಚೆ ಟೊಂಕವನ್ನೇ ಬಿಗಿಯುತ್ತಾರೆ. ಕುಷ್ಟಗಿ ಬಸ್ಸಿನಲ್ಲಿ ಸೀಟು ಸಿಗದೆ ನಿಂತವರಿಗಂತೂ ಡ್ರೈವರ್ ಹಾಕುವ ಒಂದೊಂದು ಬ್ರೇಕೂ ಒಂದೊಂದು ಪಾಠ.

ಕುಂತು ಉಣ್ಣುವ ನಮ್ಮಂಥವರಿಗೆ ಪಾಠ ಹೀಗಿದೆ: ಅಂಗಾತ ಮಲಗಿ, ಮೊಣಕಾಲು ಮಡಚಿ, ಉಸಿರು ಬಿಡುತ್ತ ಹೊಕ್ಕುಳ ಕೆಳಗಿನ ಭಾಗವನ್ನು ಮೆಲ್ಲಗೆ ಒಳಕ್ಕೆಳೆದು 10 ಎಣಿಸುವವರೆಗೆ ಹಿಡಿಯಬೇಕು. ಹೀಗೆ 10 ಸಲ. ಉಸಿರಾಟ ನಿಲ್ಲಬಾರದು, ಮದುವೆ ಫೋಟೊಕ್ಕೆ ಉಸಿರುಗಟ್ಟಿ ಹೊಟ್ಟೆ ಬಚ್ಚಿಡುವುದು ಲೆಕ್ಕಕ್ಕಿಲ್ಲ. ಅದು ಒಲಿದ ಮೇಲೆ ಮಂಡಿ-ಅಂಗೈ ಊರಿ ಬಲಗೈ, ಎಡಗಾಲು ಚಾಚುವುದು, ಕೊನೆಗೆ ಮೊಣಕೈ-ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್. ಮೊದಲ ದಿನ ಪ್ಲ್ಯಾಂಕ್ ಹಾಕಿದಾಗ ಅರ್ಧ ತಾಸು ಕಳೆದಂತಾಯಿತು. "ಅಜ್ಜಾ, 11 ಸೆಕೆಂಡ್" ಎಂದ ಮೊಮ್ಮಗ.

ಕೆಮ್ಮಿದಾಗ, ನಕ್ಕಾಗಲೂ ಈ ಉಡದಾರ ಬಿಗಿಯುತ್ತದೆ. ಆ ಲೆಕ್ಕದಲ್ಲಿ ನಗೆಮಾತುಗಾರ ಗಂಗಾವತಿ ಪ್ರಾಣೇಶರು ಇಷ್ಟು ವರ್ಷ ಊರೂರು ತಿರುಗಿ ಮಾಡಿಸಿದ್ದು ಸಾಮೂಹಿಕ ವ್ಯಾಯಾಮ. ನಾವು ಹಾಸ್ಯ ಅಂದುಕೊಂಡೆವು.

ಹಾಗಂತ ಬೆನ್ನುನೋವಿಗೆ ಈ ಉಡದಾರದ ವ್ಯಾಯಾಮವೊಂದೇ ರಾಮಬಾಣವಲ್ಲ. ಬೇರೆ ವ್ಯಾಯಾಮಗಳೂ ಇದಕ್ಕೆ ಕಡಿಮೆಯಿಲ್ಲವೆಂದು ಆಮೇಲಿನ ಅಧ್ಯಯನಗಳು ಹೇಳಿವೆ. ಮೈ ಆಡಬೇಕು, ಅಷ್ಟೆ. ಬರುವ ಶನಿವಾರ ಅಂಜನಾದ್ರಿಯ 575 ಮೆಟ್ಟಿಲು ಹತ್ತೋಣ, ನೀವೂ ಬರ್ರಿ. ಕರಾರು ಒಂದೇ: ಇಳಿದ ಮೇಲೆ ಯಾರೂ ಮಿರ್ಚಿ ಬಂಡಿ ಹುಡುಕುವಂತಿಲ್ಲ.