ಸೊಂಟದವನಿಗೆ ಮೊದಲ ಸ್ಥಾನ

ಟಿಟ್ವಾಳಾದಲ್ಲಿ ಗಣಪತಿ ಮೂರ್ತಿಗಳನ್ನು ಕೂಡಿಡುವವರು ಬಿಲ್ಡಿಂಗಿಗೆ ಒಬ್ಬರಾದರೂ ಸಿಗುತ್ತಾರೆ. ಊರೇ ಮಹಾಗಣಪತಿಯದು. ಕಣ್ವರ ಆಶ್ರಮ ಇಲ್ಲೇ ಇತ್ತು, ಶಕುಂತಲೆ ಈ ಗಣಪತಿಯನ್ನು ಪೂಜಿಸಿಯೇ ದುಷ್ಯಂತನನ್ನು ಮರಳಿ ಪಡೆದಳು ಎಂದು ಇಲ್ಲಿಯವರು ನಂಬುತ್ತಾರೆ. ಹೀಗಾಗಿ ಕೊಳಲೂದುವ ಗಣಪ, ಬ್ಯಾಟು ಹಿಡಿದ ಗಣಪ, ಲ್ಯಾಪ್‌ಟಾಪಿನ ಮುಂದೆ ಕೂತ ಗಣಪ ಯಾರ ಶೋಕೇಸಿನಲ್ಲಿ ಎಷ್ಟು ಸಾಲು ನಿಂತರೂ ಅದು ಭಕ್ತಿ ಎನಿಸಿಕೊಳ್ಳುತ್ತದೆ. ನನ್ನ ಶೋಕೇಸಿನಲ್ಲಿರುವುದು ಲಾರಿಯಾಗುವ, ವಿಮಾನವಾಗುವ, ಟೇಪ್‌ರೆಕಾರ್ಡರ್ ಆಗುವ ರೋಬೋಗಳು. ಐವತ್ತು ದಾಟಿದ ಗಂಡಸಿನ ಮನೆಯಲ್ಲಿ ಇವು ಕಂಡರೆ ಬಂದವರು ಮೊದಲು ಮೊಮ್ಮಕ್ಕಳನ್ನು ವಿಚಾರಿಸುತ್ತಾರೆ. ಮೊಮ್ಮಕ್ಕಳಿಲ್ಲ, ಮಗನಿಗಿನ್ನೂ ಮದುವೆಯೇ ಆಗಿಲ್ಲ ಎಂದು ತಿಳಿದ ಮೇಲೆ ದನಿ ತಗ್ಗಿಸಿ ನನ್ನ ಹೆಂಡತಿಯ ಆರೋಗ್ಯ ವಿಚಾರಿಸುತ್ತಾರೆ.

ಆಮೇಲೆ ಬರುತ್ತದೆ ಆ ಪ್ರಶ್ನೆ: 'ಇದರಲ್ಲಿ ನಿಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾವುದು?' ಬೆಲೆ ಕೇಳುವುದಕ್ಕೆ ಮುಂಚೆ ಮರ್ಯಾದೆಗೆ ಕೇಳುವ ಪ್ರಶ್ನೆ ಅದು, ಗೊತ್ತು. ಆದರೆ ಕೇಳಿದವರು ಚಹಾ ಮುಗಿಸಿ ಹೊರಟುಹೋದರೂ ಪ್ರಶ್ನೆ ಮಾತ್ರ ಸೋಫಾ ಬಿಟ್ಟು ಏಳುವುದಿಲ್ಲ. ಸರಿ, ಒಂದು ಪಟ್ಟಿಯನ್ನೇ ಮಾಡಿಬಿಡೋಣವೆಂದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಅಳತೆಗೋಲು. ಹೆಂಡತಿಯ ಪಟ್ಟಿ ಧೂಳಿನ ಪ್ರಕಾರ: ಒರೆಸಲು ಸುಲಭವಾದದ್ದು ಮೇಲೆ, ಸಂದುಗೊಂದು ಜಾಸ್ತಿ ಇದ್ದದ್ದು ಕೆಳಗೆ. ಪುಣೆಯಲ್ಲಿರುವ ಮಗನದು, ಮಾರಿದರೆ ಎಷ್ಟು ಬರುತ್ತದೆ ಎಂಬುದರ ಪ್ರಕಾರ. ನನ್ನದು ಬೆರಳಿನ ಪ್ರಕಾರ. ರೋಬೋ ನಿಂತ ಠೀವಿ, ಲಾರಿಯ ಅಂದಚಂದ ಇವೆಲ್ಲ ಕಣ್ಣಿನ ವ್ಯವಹಾರ. ಲಾರಿಯೂ ಅಲ್ಲದ, ರೋಬೋವೂ ಅಲ್ಲದ ನಡುವಿನ ಒಂದು ಅವಸ್ಥೆ ಇದೆಯಲ್ಲ, ಒಂದು ಕಾಲು ಹೊರಗೆ, ತಲೆ ಇನ್ನೂ ಬಾನೆಟ್ಟಿನ ಒಳಗೆ, ಅಲ್ಲಿ ಬೆರಳಿಗೆ ಏನು ಸುಖ ಸಿಗುತ್ತದೆ ಎಂಬುದರ ಮೇಲೆ ನನ್ನ ತೀರ್ಪು.

ಪರೀಕ್ಷೆ ನಡೆಯುವುದು ಲೋಕಲಿನಲ್ಲಿ. ಸಿಎಸ್‌ಎಂಟಿಯಿಂದ ಹೊರಟ ಟಿಟ್ವಾಳಾ ಗಾಡಿ ಡೊಂಬಿವಲಿ ದಾಟುವವರೆಗೆ ನನ್ನ ಕೈ ಎಲ್ಲಿದೆ ಎಂಬುದು ನನಗೇ ಗೊತ್ತಿರುವುದಿಲ್ಲ. ಕಲ್ಯಾಣದಲ್ಲಿ ಅರ್ಧ ಡಬ್ಬಿ ಇಳಿಯುತ್ತದೆ. ಅಲ್ಲಿಂದ ಮುಂದೆ ಶಹಾಡ್, ಅಂಬಿವಲಿ, ಟಿಟ್ವಾಳಾ. ಅಷ್ಟರೊಳಗೆ ಒಂದು ಕೈಯಲ್ಲಿ ಮೇಲಿನ ಹಿಡಿಕೆ ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದಲೇ, ಸೂಚನೆಯ ಕಾಗದ ನೋಡದೆ, ಪೂರ್ತಿ ರೂಪ ಬದಲಿಸಬೇಕು. ಯಾವ ಭಾಗವೂ ಕಳಚಿ ಬೀಳಬಾರದು. ಪಕ್ಕದವರು ಎದ್ದು ಬೇರೆ ಕಡೆ ಹೋಗಬಾರದು.

ಇವುಗಳ ಕುಲಗೋತ್ರ ಸ್ವಲ್ಪ ಹೇಳಬೇಕು. ಅಮೆರಿಕದ ಹ್ಯಾಸ್‌ಬ್ರೋ ಕಂಪನಿ 'ಟ್ರಾನ್ಸ್‌ಫಾರ್ಮರ್ಸ್' ಎಂದು ಹೆಸರಿಟ್ಟು ಮಾರಲು ಶುರುಮಾಡಿದ್ದು 1984ರಲ್ಲಿ. ಹೆತ್ತದ್ದು ಮಾತ್ರ ಜಪಾನಿನ ಟಕಾರಾ. ಅಲ್ಲಿ ಇವು ಎರಡು ಬೇರೆ ಬೇರೆ ಮನೆತನ. 1980ರಲ್ಲಿ ಬಂದ ಡಯಾಕ್ಲೋನ್ ಎಂದರೆ ಪುಟಾಣಿ ಚಾಲಕರು ಒಳಗೆ ಕೂತು ನಡೆಸುವ ಯಂತ್ರಗಳು. ಆಮೇಲಿನ ಮೈಕ್ರೋ ಚೇಂಜ್ ಎಂದರೆ ಪಿಸ್ತೂಲು, ಕ್ಯಾಮೆರಾ, ಕ್ಯಾಸೆಟ್ ಪ್ಲೇಯರು ಹೆಚ್ಚುಕಡಿಮೆ ಇದ್ದ ಗಾತ್ರದಲ್ಲೇ ಎದ್ದುನಿಂತು ರೋಬೋ ಆಗುವವು. ಎರಡನ್ನೂ ಒಂದೇ ಸೂರಿನಡಿ ತಂದು, ಒಳ್ಳೆಯವರು ಆಟೋಬಾಟ್, ಕೆಟ್ಟವರು ಡಿಸೆಪ್ಟಿಕಾನ್ ಎಂದು ಪಾಲು ಮಾಡಿ ಕತೆ ಹೆಣೆದರು. ಚಾಲಕರು ಕತೆಯಿಂದ ಬಿಟ್ಟುಹೋದರು, ಅವರ ಸೀಟುಗಳು ಮಾತ್ರ ಆಟಿಕೆಯೊಳಗೆ ಉಳಿದುಬಿಟ್ಟವು.

ಅದರ ಫಲ ಐರನ್‌ಹೈಡ್. ಕಾರ್ಟೂನಿನಲ್ಲಿ ಇವನು ಗಂಭೀರ ಮುಖದ ಹಳೇ ಯೋಧ. ಮೂಲ ಆಟಿಕೆಗೆ ತಲೆಯೇ ಇಲ್ಲ! ವ್ಯಾನು ಎದ್ದು ನಿಂತಾಗ ಮುಂಗಾಜಿನ ಹಿಂದೆ ಕಾಣುವುದು ಒಂದು ಸೀಟು, ಅದಕ್ಕೆ ಅಂಟಿಸಿದ ಮುಖದ ಚೀಟಿ. ನನ್ನ ಹತ್ತಿರ ಇರುವುದು ಆ ಹಳೆಯ ಅಚ್ಚಿನ ನಕಲು. ನೋಡಿ ನಕ್ಕ ನೆಂಟರಿಗೆ ಅಮ್ಮ ಹೇಳಿದ್ದು ಇಷ್ಟೇ: 'ನಗಬೇಡಿ, ಗಣಪತಿಗೂ ತಲೆ ಆಮೇಲೆಯೇ ಬಂದದ್ದು.' ಟಿಟ್ವಾಳಾದಲ್ಲಿ ಕೂತು ಈ ಮಾತಿಗೆ ಎದುರಾಡುವವರು ಯಾರು? ಅಮ್ಮನ ಶಿಫಾರಸಿನ ಮೇಲೆ ಐರನ್‌ಹೈಡಿಗೆ ಐದನೆಯ ಸ್ಥಾನ.

ತೀರಾ ಕೊನೆಯ ಸ್ಥಾನದ ಬಗ್ಗೆ ನನಗೆ ಅನುಮಾನವೇ ಇಲ್ಲ. ಅಂಗಾರಕ ಸಂಕಷ್ಟಿಯ ದಿನ ದೇವಸ್ಥಾನದ ರಸ್ತೆಯ ಅಂಗಡಿಗಳಲ್ಲಿ ಒಂದು ಕಾರು ಓಡಾಡುತ್ತಿರುತ್ತದೆ. ಗೋಡೆಗೆ ಗುದ್ದಿದರೆ ನಿಂತು, ಕೆಂಪು ನೀಲಿ ದೀಪ ಉರಿಸಿ, ಕಿವಿ ಕಿತ್ತುಹೋಗುವಂತೆ ಹಾಡಿ, ತಾನೇ ಬಾಗಿಲು ತೆರೆದು ರೋಬೋ ಆಗಿ, ಮತ್ತೆ ತಾನೇ ಮಡಚಿಕೊಂಡು ಹೊರಡುತ್ತದೆ. ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ನಾನು ನೋಡುವುದಿಲ್ಲ. ಎಲ್ಲ ಅದೇ ಮಾಡಿಕೊಂಡರೆ ನಾನು ಯಾಕೆ? 2021ರಲ್ಲಿ ರೋಬೋಸೆನ್ ಎಂಬ ಕಂಪನಿ ಹ್ಯಾಸ್‌ಬ್ರೋ ಜೊತೆ ಸೇರಿ, ಬಾಯಲ್ಲಿ ಆಜ್ಞೆ ಕೊಟ್ಟರೆ ತಾನಾಗಿ ಲಾರಿಯಾಗುವ ಆಪ್ಟಿಮಸ್ ಪ್ರೈಮನನ್ನು ತಂದಿತು. ಆಗಿನ ಬೆಲೆ ಸುಮಾರು 700 ಡಾಲರು. ನನ್ನ ಪಟ್ಟಿಯಲ್ಲಿ ಅದಕ್ಕೂ ದೇವಸ್ಥಾನದ ರಸ್ತೆಯ ಕಾರಿಗೂ ಒಂದೇ ಪಂಕ್ತಿ. ಅಷ್ಟು ದುಡ್ಡು ನನ್ನಲ್ಲಿಲ್ಲ ಎಂಬುದಕ್ಕೂ ಈ ತೀರ್ಪಿಗೂ ಸಂಬಂಧವಿಲ್ಲ ಎಂದು ನಾನು ಹೇಳಿದರೆ ಹೆಂಡತಿ ಕೆಮ್ಮುತ್ತಾಳೆ.

ದುಡ್ಡಿನ ಮಾತು ಬಂತಾದ್ದರಿಂದ ಹೇಳುತ್ತೇನೆ. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ನಡುವೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಯಿತು. ಅಲ್ಲಿಂದೀಚೆಗೆ ನನ್ನ ಸಂಗ್ರಹ ಬೆಳೆದದ್ದು ದುಬೈಯಿಂದ ಬರುವ ಭಾವನ ಸೂಟ್‌ಕೇಸಿನಲ್ಲಿ, ಖರ್ಜೂರದ ಪೊಟ್ಟಣಗಳ ಮಧ್ಯೆ. ತವರಿನ ಅಣ್ಣನೇ ತಂದದ್ದನ್ನು ಹೆಂಡತಿ ಹೇಗೆ ಬೇಡವೆನ್ನುತ್ತಾಳೆ? ಈ ದಾರಿ ನನಗೆ ಹೊಳೆದ ದಿನ ನನ್ನ ಬುದ್ಧಿಗೆ ನಾನೇ ತಲೆದೂಗಿದ್ದೆ.

ಆಪ್ಟಿಮಸ್ ಪ್ರೈಮ್ ಆಟೋಬಾಟ್‌ಗಳ ನಾಯಕ, ಒಪ್ಪಿದೆ. ಆದರೆ ಸ್ಥಾನ ನಾಲ್ಕನೆಯದು. ಲಾರಿಯ ಮುಂಭಾಗ ಎದ್ದುನಿಂತು ಭಾಷಣ ಬಿಗಿಯುತ್ತದೆ, ಹಿಂದಿನ ಟ್ರೇಲರು ಎಲ್ಲಿ ಹೋಯಿತು ಎಂದು ಕಾರ್ಟೂನಿನಲ್ಲಿ ಯಾರೂ ಕೇಳುವುದಿಲ್ಲ. ಅದು ಹಾಗೇ ಉರುಳಿ ಮಾಯವಾಗುತ್ತದೆ. ಮನೆಯಲ್ಲಿ ಟ್ರೇಲರು ಮಾಯವಾಗುವುದಿಲ್ಲ. ಶೋಕೇಸಿನಲ್ಲಿ ಮೂವರ ಜಾಗ ಹಿಡಿದು ಬಿದ್ದಿರುತ್ತದೆ. ಹಾಗಿದ್ದರೂ ಇವನ ಮೇಲೆ ಒಂದು ಮರುಕ ನನಗಿದೆ. 1986ರ ಸಿನಿಮಾದಲ್ಲಿ ಇವನನ್ನು ಸಾಯಿಸಿದರು. ಕಾರಣ ಯುದ್ಧವಲ್ಲ, ಹಳೆಯ ಆಟಿಕೆಗಳನ್ನು ಕಪಾಟಿನಿಂದಿಳಿಸಿ ಹೊಸವಕ್ಕೆ ಜಾಗ ಮಾಡಬೇಕಿತ್ತು. ಥಿಯೇಟರಿನಲ್ಲಿ ಮಕ್ಕಳು ಅತ್ತು ರಂಪ ಮಾಡಿದ ಮೇಲೆ 1987ರಲ್ಲಿ ಟಿವಿಯಲ್ಲಿ ಮತ್ತೆ ಬದುಕಿಸಿದರು. ಕಡ್ಡಾಯ ನಿವೃತ್ತಿ, ಆಮೇಲೆ ಮರುನೇಮಕ. ನಮ್ಮ ಆಫೀಸಿನಲ್ಲಿ ಅಷ್ಟು ಅಳುವವರು ಯಾರೂ ಇಲ್ಲ. ಅಂದಹಾಗೆ ಅದೇ ಸಿನಿಮಾದಲ್ಲಿ ಗ್ರಹಗಳನ್ನೇ ನುಂಗುವ ಯೂನಿಕ್ರಾನಿಗೆ ದನಿ ಕೊಟ್ಟದ್ದು 'ಸಿಟಿಜನ್ ಕೇನ್' ಮಾಡಿದ ಆರ್ಸನ್ ವೆಲ್ಸ್, ಅದು ಅವರ ಕೊನೆಯ ಪಾತ್ರಗಳಲ್ಲೊಂದು. ಫಿಲ್ಮ್ ಸೊಸೈಟಿಯ ಗೆಳೆಯರು ನನ್ನ ಶೋಕೇಸು ನೋಡಿ ಮೂಗು ಮುರಿದಾಗ ಈ ಒಂದು ಮಾತು ಸಾಕಾಗುತ್ತದೆ.

ಮೆಗಾಟ್ರಾನ್ ಸ್ಪರ್ಧೆಯಿಂದ ಹೊರಗೆ. ಅವನು ಆಗುವುದು ವಾಲ್ಥರ್ ಪಿ38 ಪಿಸ್ತೂಲು. ಸಂಜೆಯ ಜನಜಂಗುಳಿಯಲ್ಲಿ ಚೀಲದಿಂದ ಅದನ್ನು ತೆಗೆದರೆ ರೂಪ ಬದಲಾಗುವುದು ಅವನದಲ್ಲ, ನನ್ನದು. ಈಗಿನ ಮೆಗಾಟ್ರಾನುಗಳು ಹೆಚ್ಚಾಗಿ ಟ್ಯಾಂಕುಗಳಾಗುತ್ತವೆ, ಅದರಲ್ಲಿ ಆ ಮಜಾ ಇಲ್ಲ. ಮಜಾ ಇದ್ದದ್ದು ಇದರಲ್ಲಿ: ಅಷ್ಟು ದೊಡ್ಡ ಖಳನಾಯಕ ಕುಗ್ಗಿ ಕುಗ್ಗಿ ಪಿಸ್ತೂಲಾಗಿ, ತನ್ನ ಕುರ್ಚಿಗೇ ಹೊಂಚು ಹಾಕುವ ಸ್ಟಾರ್‌ಸ್ಕ್ರೀಮನ ಕೈಗೆ ಹೋಗಿ ಕೂರುತ್ತಿದ್ದ. ಅಂಥ ವಿಶ್ವಾಸವನ್ನು ನಾನು ಯಾವ ಸಾಹೇಬರಲ್ಲೂ ಕಂಡಿಲ್ಲ.

ಚಿನ್ನದ ಬಣ್ಣದವುಗಳೂ ಹೊರಗೆ. ಎಂಬತ್ತು ತೊಂಬತ್ತರ ದಶಕದ ಕೆಲವು ಆಟಿಕೆಗಳಲ್ಲಿ ಹೊಳಪಿನ ಕಣಗಳನ್ನು ಪ್ಲಾಸ್ಟಿಕ್ಕಿಗೇ ಬೆರೆಸುತ್ತಿದ್ದರು. ವರ್ಷ ಕಳೆದಂತೆ ಅದು ತಾಕತ್ತು ಕಳೆದುಕೊಂಡು, ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಸಂಗ್ರಾಹಕರು ಇದಕ್ಕೆ ಗೋಲ್ಡ್ ಪ್ಲಾಸ್ಟಿಕ್ ಸಿಂಡ್ರೋಮ್ ಎಂದು ದೊಡ್ಡ ರೋಗದ ಹೆಸರನ್ನೇ ಇಟ್ಟಿದ್ದಾರೆ. ಮದ್ದಿಲ್ಲ. ಮುಟ್ಟಬಾರದ್ದನ್ನು ಬೆರಳಿನ ಪಟ್ಟಿಗೆ ಹೇಗೆ ಸೇರಿಸುವುದು?

ಮೂರನೆಯದು ಬಂಬಲ್‌ಬೀ. ಮುಷ್ಟಿಯೊಳಗೆ ಅಡಗುವ ಹಳದಿ ಫೋಕ್ಸ್‌ವ್ಯಾಗನ್ ಬೀಟಲ್. 2007ರ ಸಿನಿಮಾದವರು ಇವನನ್ನು ಶೆವರ್ಲೆ ಕಮಾರೋ ಮಾಡಿದರು, 2018ರಲ್ಲಿ ಮತ್ತೆ ಬೀಟಲಿಗೆ ಮರಳಿದರು. ನನ್ನ ಬೀಟಲ್ ಎಲ್ಲಿಗೂ ಹೋಗಿರಲಿಲ್ಲ. ಶಹಾಡ್ ಬರುವುದರೊಳಗೆ ಎದ್ದುನಿಂತು, ಅಂಬಿವಲಿಯೊಳಗೆ ಮತ್ತೆ ಮಡಚಿಕೊಳ್ಳುತ್ತಾನೆ. ಒಮ್ಮೆ ಎದುರಿನ ಹುಡುಗನೊಬ್ಬ 'ಕಾಕಾ, ಪುನ್ಹಾ ಕರಾ' ಎಂದ. ಮತ್ತೆ ಮಾಡಿದೆ. ಅವನ ಅಪ್ಪ ಹುಡುಗನನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

ಎರಡನೆಯ ಸ್ಥಾನದ ಸೌಂಡ್‌ವೇವ್ ನಮ್ಮ ಮನೆಯಲ್ಲಿ ಎಲ್ಲರಿಗೂ ಆಪ್ತ. ಕ್ಯಾಸೆಟ್ ಪ್ಲೇಯರು ಎದ್ದುನಿಂತರೆ ರೋಬೋ. ಗುಂಡಿ ಒತ್ತಿದರೆ ಎದೆಯ ಬಾಗಿಲು ಟಪ್ಪೆಂದು ತೆರೆದು, ಒಳಗಿನ ಕ್ಯಾಸೆಟ್ಟು ಹಕ್ಕಿಯಾಗುತ್ತದೆ, ಇಲ್ಲವೇ ಕಾಡುಬೆಕ್ಕಾಗುತ್ತದೆ. ಅದೊಂದು ಗುಂಡಿಯನ್ನೇ ಒತ್ತುತ್ತ ಕಲ್ಯಾಣದಿಂದ ಕಸಾರಾದವರೆಗೂ ಹೋಗಬಹುದು. ಅಮ್ಮ ತನ್ನ ತಾಳಮದ್ದಳೆ ಕ್ಯಾಸೆಟ್ಟುಗಳ ಡಬ್ಬ ಹಿಡಿದು ಬಂದು ಒಂದನ್ನು ಹಾಕಿಕೊಡು ಎಂದಳು. ಇದರದು ಬೆರಳೆರಡರ ಗಾತ್ರದ ಪುಟ್ಟ ಕ್ಯಾಸೆಟ್ಟು, ನಿನ್ನದು ಹಿಡಿಸುವುದಿಲ್ಲ ಎಂದು ತೋರಿಸಿದೆ. 'ಇಷ್ಟು ಸಣ್ಣದರಲ್ಲಿ ಕೃಷ್ಣಸಂಧಾನ ಮುಗಿಯುವುದುಂಟೆ? ಕೌರವ ಬಾಯಿ ತೆರೆಯುವಷ್ಟರಲ್ಲಿ ಮಗುಚಿ ಹಾಕಬೇಕಾದೀತು' ಎಂದು ಡಬ್ಬ ಎತ್ತಿಕೊಂಡು ಹೋದಳು.

ಇನ್ನು ಮೊದಲನೆಯದು. ನಮ್ಮ ಬಾಲ್ಕನಿಯಿಂದ ಮಾಂಡಾ ಕಡೆಗೆ ನೋಡಿದರೆ ವರ್ಷವಿಡೀ ಕಾಣುವುದು ಜೆಸಿಬಿ, ಕ್ರೇನು, ಕಾಂಕ್ರೀಟ್ ಮಿಕ್ಸರು, ಡಂಪರು. ಬಿಲ್ಡರುಗಳಿಗೆ ಟಿಟ್ವಾಳಾ ಸಿಕ್ಕ ಮೇಲೆ ನಿಂತ ಕೆಲಸವಲ್ಲ ಅದು. ಡಿಸೆಪ್ಟಿಕಾನುಗಳಲ್ಲೂ ಇಂಥ ಆರು ಮಂದಿಯ ಒಂದು ಹಸಿರು ತಂಡವಿದೆ, ಕನ್‌ಸ್ಟ್ರಕ್ಟಿಕಾನ್‌ಗಳು. ಆರೂ ಒಂದಕ್ಕೊಂದು ಸಿಕ್ಕಿಸಿಕೊಂಡರೆ ಡೆವಸ್ಟೇಟರ್ ಎಂಬ ಒಬ್ಬ ದೈತ್ಯ. ಕಟ್ಟುವ ಯಂತ್ರಗಳೆಲ್ಲ ಕೂಡಿ ಕೆಡವುವವನಾಗುವುದನ್ನು ಜಪಾನಿನವರು, ಅಮೆರಿಕದವರು ಬಾಲ್ಕನಿಯಿಲ್ಲದೆಯೇ ಹೇಗೆ ಕಲ್ಪಿಸಿಕೊಂಡರೋ. ಕ್ರೇನಾಗುವ ಹುಕ್ ಎಂಬವನು ಎದೆ ಮತ್ತು ತಲೆ. ಬುಲ್ಡೋಜರ್ ಬೋನ್‌ಕ್ರಷರ್, ಮಣ್ಣು ಅಗೆಯುವ ಸ್ಕ್ಯಾವೆಂಜರ್ ತೋಳುಗಳು. ಲೋಡರ್ ಸ್ಕ್ರ್ಯಾಪರ್, ಮಿಕ್ಸರಿನ ಮಿಕ್ಸ್‌ಮಾಸ್ಟರ್ ಕಾಲುಗಳು. ಉಳಿದವನು ಡಂಪರ್ ಲಾರಿ ಲಾಂಗ್ ಹಾಲ್. ಅವನು ಸೊಂಟ.

ಈ ಸೊಂಟದವನಿಗೇ ನನ್ನ ಮೊದಲ ಸ್ಥಾನ. ಬೇರೆಯವರಿಗೆ ಲಾರಿ, ರೋಬೋ ಎಂದು ಎರಡು ರೂಪವಾದರೆ ಇವನಿಗೆ ಮೂರು, ಬೆರಳಿಗೆ ಅಷ್ಟು ಜಾಸ್ತಿ ಕೆಲಸ. ಮೂರನೆಯ ರೂಪದಲ್ಲಿ ಕೈಯಿಲ್ಲ, ಮುಖವಿಲ್ಲ. ಮೇಲಿನವನು ತಲೆಯ ಮೇಲೆ ಕೂತಿರುತ್ತಾನೆ, ಕೆಳಗಿನವರಿಬ್ಬರು ಎರಡು ದಿಕ್ಕಿಗೆ ಜಗ್ಗುತ್ತಾರೆ. ಠಾಣೆಯಿಂದ ಕಲ್ಯಾಣದವರೆಗೆ ನಿಂತು ಬಂದವನಿಗೆ ಈ ಭಂಗಿ ವಿವರಿಸಿ ಹೇಳಬೇಕಿಲ್ಲ. ಹೊರುವ ಕೆಲಸದ ಮೇಲೆ ಇವನಿಗೆ ಅಸಮಾಧಾನವಿದೆ ಎಂದು ಕಂಪನಿಯವರು ಬರೆದ ಪರಿಚಯದಲ್ಲೇ ಇದೆ. ಆದರೂ ಇವನನ್ನು ತೆಗೆದುಬಿಟ್ಟರೆ ಡೆವಸ್ಟೇಟರ್ ಎಂಬವನೇ ಇಲ್ಲ. ಒಂದು ಎದೆ, ಎರಡು ಕಾಲು ಮೇಜಿನ ಮೇಲೆ ಬೇರೆ ಬೇರೆ ಬಿದ್ದಿರುತ್ತವೆ.

ಪಟ್ಟಿಯನ್ನು ಮಗನಿಗೆ ಫೋನಿನಲ್ಲಿ ಓದಿ ಹೇಳಿದೆ. 'ಅಪ್ಪ, ಆರರಲ್ಲಿ ಒಂದನ್ನೇ ಮಾರಿದರೆ ಏನೂ ಬರಲ್ಲ' ಎಂದ. ಹೆಂಡತಿ ಮಾತ್ರ ಅಪರೂಪಕ್ಕೆ ನನ್ನ ಆಯ್ಕೆಯನ್ನು ಒಪ್ಪಿದಳು. ಡಂಪರಿನ ಹಿಂಭಾಗದ ತೊಟ್ಟಿ ಅವಳ ಸೀರೆ ಪಿನ್ನುಗಳಿಗೆ ಹೇಳಿ ಮಾಡಿಸಿದ ಅಳತೆಯಂತೆ. ಲಾಂಗ್ ಹಾಲ್ ಈಗ ಡ್ರೆಸ್ಸಿಂಗ್ ಟೇಬಲಿನ ಮೇಲೆ ಲೋಡಾಗಿ ನಿಂತಿದ್ದಾನೆ. ಲೋಕಲಿಗೆ ಒಯ್ಯಬೇಕಾದರೆ ಹಿಂದಿನ ರಾತ್ರಿಯೇ ಅನುಮತಿ ಕೇಳಬೇಕು, ಪಿನ್ನುಗಳನ್ನು ಎಣಿಸಿ ಕೆಳಗಿಳಿಸಬೇಕು, ಬಂದ ಮೇಲೆ ಎಣಿಸಿ ತುಂಬಬೇಕು.